ಮೋಡಕಾ ಅಂಗಡಿಯಿಂದ ಒಂಟಿಕಾಲಿನ ಕೊಕ್ಕರೆ

ಗುಜರಿ ಸಾಮಾನಿನಿಂದ ಗೊಂಬೆ ಮಾಡಲು ಹೊರಟವರಿಗೆ ಮೊದಲೇ ಒಂದು ಮಾತು. ನಟ್ಟು ಬೋಲ್ಟು ಸೇರಿಸಿ ಗಣಪತಿ ಮಾಡೋಕೆ ಹೋಗಬೇಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ನಾನೂ ಹಾಗೇ ಮಾಡಿದೆ. ಸೊಂಡಿಲಿಗೆ ಬೈಕ್ ಚೈನು, ಕಿವಿಗೆ ಎರಡು ಸೌಟು, ಹೊಟ್ಟೆಗೆ ಒಂದು ಬೋಗುಣಿ. ಕೊನೆಗೆ ಬಂಗಾರದ ಬಣ್ಣದ ಸ್ಪ್ರೇ ಹೊಡೆದೆ. ಅಷ್ಟೇ, ಚೈನು ಚೈನಾಗಿ ಉಳಿಯಲಿಲ್ಲ, ಸೌಟು ಸೌಟಾಗಿ ಉಳಿಯಲಿಲ್ಲ. ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಗಣಪತಿಗಿಂತ ಕೆಟ್ಟದಾದ ಒಂದು ಗಣಪತಿ ಕಪಾಟಿನ ಮೇಲೆ ಕೂತಿತು.

ತಪ್ಪು ಎಲ್ಲಿ ಆಯಿತು ಅಂತ ಗೊತ್ತಾಗಿದ್ದು ಬಹಳ ದಿನದ ಮೇಲೆ. ಬಿಸಾಕಿದ ಸಾಮಾನಿನಿಂದ ಏನಾದರೂ ಮಾಡಿದರೆ ನೋಡುವವರಿಗೆ ಎರಡೂ ಕಾಣಬೇಕು. ಹಕ್ಕಿಯೂ ಕಾಣಬೇಕು, ಕತ್ತರಿಯೂ ಕಾಣಬೇಕು. ಕೌದಿ ಹೊದ್ದು ಮಲಗಿದ ಹುಡುಗ "ಇದು ಅಜ್ಜಿ ಸೀರೆ, ಇದು ಕಾಕಾನ ಅಂಗಿ" ಅಂತ ಬೆರಳಿಟ್ಟು ತೋರಿಸುತ್ತಾನೆ ಅಲ್ವಾ? ಹಾಗೆ ತೋರಿಸುವಾಗಲೂ ಅದು ಕೌದಿಯೇ, ಬೆಚ್ಚಗೇ ಇರುತ್ತದೆ. 1942ರಲ್ಲಿ ಪಿಕಾಸೊ ಒಂದು ಸೈಕಲ್ ಸೀಟು, ಒಂದು ಹ್ಯಾಂಡಲ್ ಜೋಡಿಸಿ ಗೂಳಿಯ ತಲೆ ಮಾಡಿದ. ಎರಡೇ ಸಾಮಾನು. ಫೋಟೋ ಹುಡುಕಿ ನೋಡಿ, ಒಮ್ಮೆ ಗೂಳಿ ಕಾಣುತ್ತದೆ, ಒಮ್ಮೆ ಸೈಕಲ್ ಕಾಣುತ್ತದೆ. ನಮ್ಮ ಕೌದಿ ಹೊಲಿಯುವವರಿಗೆ ಇದು ಯಾವತ್ತೋ ಗೊತ್ತಿದ್ದ ವಿದ್ಯೆ.

ಈಗ ಕೆಲಸಕ್ಕೆ ಬರೋಣ. ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಕಳೆದ ಚಳಿಗಾಲದಲ್ಲಿ ಮಾಡಿದ ಒಂದು ಕೊಕ್ಕರೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ವೆಲ್ಡಿಂಗ್ ಬೇಕಿಲ್ಲ. ಡ್ರಿಲ್, ಪಕ್ಕಡ, ಅರ, ಇಷ್ಟಿದ್ದರೆ ಸಾಕು.

ಸಾಮಾನು ಎಲ್ಲಿ ಸಿಗುತ್ತದೆ? ಬೆಂಗಳೂರಿನ ಕಡೆ ಗುಜರಿ ಅನ್ನುತ್ತಾರೆ, ನಮ್ಮಲ್ಲಿ ಮೋಡಕಾ ಅಂಗಡಿ. ಬೆಳಗಾವಿಯಲ್ಲಿ ಮರಾಠಿ ಮಾತಾಡುವವರು ಭಂಗಾರ ಅನ್ನುತ್ತಾರೆ. ನಾನು ಸಣ್ಣವನಿದ್ದಾಗ ಅದನ್ನು ಬಂಗಾರ ಅಂತಲೇ ಕೇಳಿಸಿಕೊಂಡು, ತುಕ್ಕು ಹಿಡಿದ ಡಬ್ಬಿಯನ್ನು ಬಂಗಾರದ ಅಂಗಡಿಗೆ ಯಾಕೆ ಒಯ್ಯುತ್ತಾರೆ ಅಂತ ತಲೆ ಕೆಡಿಸಿಕೊಂಡಿದ್ದೆ. ಒಂದೊಂದು ಊರಿನ ಮೋಡಕಾ ಒಂದೊಂದು ಥರ. ರಬಕವಿ-ಬನಹಟ್ಟಿ ಕಡೆ ಮಗ್ಗದ ಸಾಮಾನು: ನೂಲು ಹೊತ್ತು ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿ, ಅದರೊಳಗೆ ಕೂರುವ ನೂಲು ಸುತ್ತಿದ ಕಂಡಿಕೆ, ಬಾಬಿನ್. ಬೆಳಗಾವಿಯ ಉದ್ಯಮಬಾಗದ ಸುತ್ತ ಫೌಂಡ್ರಿಗಳು ಜಾಸ್ತಿ, ಅಲ್ಲಿ ರಿಜೆಕ್ಟ್ ಆದ ಕಾಸ್ಟಿಂಗ್ ಸಿಗುತ್ತದೆ. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟಿನ ಅಂಚು ತುಂಡುಗಳು. ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ, ಹೊಲಿಯುವ ಟೇಲರ್ ಹತ್ತಿರ ಕೇಳಿದರೆ ಒಂದು ಚೀಲ ಚಿಂದಿ ಸುಮ್ನೆ ಕೊಡುತ್ತಾರೆ. ನಿಮ್ಮೂರಲ್ಲಿ ಏನು ತಯಾರಾಗುತ್ತದೋ ಅದರದ್ದೇ ಕಸ ಹುಡುಕಿ. ಆನ್‌ಲೈನ್‌ನಲ್ಲಿ ನೋಡಿದ ಅಮೆರಿಕದವನ ಹಾಗೆ ಫೋರ್ಕು-ಚಮಚದ ಗೂಬೆ ಮಾಡೋಕೆ ಹೋದರೆ ಅಷ್ಟು ಫೋರ್ಕು ಹೊಂದಿಸುವಷ್ಟರಲ್ಲಿ ಆಸೆಯೇ ಹೋಗಿರುತ್ತದೆ.

ನಾನು ಲಾಳಿ ಕೊಂಡಾಗ ಅಂಗಡಿಯ ಚಾಚಾ ಕನ್ನಡಕ ಮೇಲೆ ಮಾಡಿ ಕೇಳಿದರು.

"ಏನ್ ಮಾಡ್ತೀರ್ರಿ ಸರ, ಇದನ್ನ ಒಯ್ದು?"

"ಮೀನ ಮಾಡಾಕ್ರಿ ಚಾಚಾ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಲಾಳಿ ಎತ್ತಿ ಚೀಲಕ್ಕೆ ಹಾಕಿದರು. "ಹಂಗಾರ ಎರಡು ಒಯ್ರಿ. ಜೋಡಿ ಇರಲಿ."

ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಅಂಗಡಿಯವರಿಗೆ ಏನು ಮಾಡುತ್ತೀರಿ ಅಂತ ನಿಜ ಹೇಳಿ. ನಗುತ್ತಾರೆ, ಆದರೆ ಮುಂದಿನ ಸಲ ವಿಚಿತ್ರ ಸಾಮಾನು ಬಂದರೆ ಪಕ್ಕಕ್ಕೆ ತೆಗೆದಿಟ್ಟಿರುತ್ತಾರೆ.

ಏನು ಆರಿಸಬೇಕು ಅನ್ನೋದು ಎಲ್ಲಕ್ಕಿಂತ ಮುಖ್ಯ. ನಾನು ಮೂರು ನೋಡುತ್ತೇನೆ: ತೂತು, ಬಾಗು, ಸವೆತ. ತೂತಿದ್ದರೆ ಬೋಲ್ಟು ಹೋಗುತ್ತದೆ, ತಂತಿ ಹೋಗುತ್ತದೆ, ಅಥವಾ ಅದೇ ಕಣ್ಣಾಗುತ್ತದೆ. ಬಾಗಿದ್ದು ಕುತ್ತಿಗೆ, ಬೆನ್ನು, ಬಾಲ ಆಗುತ್ತದೆ. ನೆಟ್ಟಗಿರುವ ಕಬ್ಬಿಣ ಬಗ್ಗಿಸೋದು ಕಷ್ಟ, ಬಗ್ಗಿದ್ದನ್ನೇ ಹುಡುಕೋದು ಸುಲಭ. ಸವೆತ ಅಂದರೆ ಕೈ ತಾಗಿ ತಾಗಿ ನುಣುಪಾದ ಜಾಗ. ಅದನ್ನು ಯಾವ ಬಣ್ಣದಿಂದಲೂ ಮಾಡೋಕಾಗಲ್ಲ. ಮೂರರಲ್ಲಿ ಒಂದೂ ಇಲ್ಲದಿದ್ದರೆ ಎಷ್ಟು ಅಗ್ಗವಾದರೂ ಬೇಡ. ಚೀಲಗಟ್ಟಲೆ ತಂದರೆ ಮನೆಯೇ ಮೋಡಕಾ ಆಗುತ್ತದೆ, ಮನೆಯವರ ಬೈಗುಳ ಬೇರೆ. ಹತ್ತು ಹನ್ನೆರಡು ಸಾಮಾನು ಸಾಕು.

ಇನ್ನು ಮುಟ್ಟಬಾರದ ಸಾಮಾನು. ಹಳೇ ಬ್ಯಾಟರಿ ಬೇಡ. ಟ್ಯೂಬ್‌ಲೈಟು, ಸಿಎಫ್‌ಎಲ್ ಬೇಡ, ಅದರೊಳಗೆ ಪಾದರಸ ಇರುತ್ತದೆ. ಆಸ್ಬೆಸ್ಟಸ್ ಸಿಮೆಂಟಿನ ಹಳೇ ತಗಡು ಕೊಯ್ಯಬೇಡಿ, ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ತಾಮ್ರಕ್ಕಾಗಿ ವೈರ್ ಸುಡಬೇಡಿ. ಕೈಗವಸು ಹಾಕಿಕೊಳ್ಳಿ, ಗಾಯವಾದರೆ ಧನುರ್ವಾಯು ಇಂಜೆಕ್ಷನ್ ಬೇಕಾ ಅಂತ ಡಾಕ್ಟರನ್ನು ಕೇಳಿ. ಧನುರ್ವಾಯು ಬರುವುದು ತುಕ್ಕಿನಿಂದ ಅಲ್ಲ, ಮಣ್ಣಲ್ಲಿರುವ ಬ್ಯಾಕ್ಟೀರಿಯಾದಿಂದ. ಹಾಗಾಗಿ ಹೊಳೆಯುವ ಸ್ಟೀಲ್ ಚುಚ್ಚಿದರೂ ಅಷ್ಟೇ.

ನಮ್ಮ ಕಡೆಯವರಿಗೆ ಇನ್ನೊಂದು ಎಚ್ಚರ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಸುತ್ತ, ಅತ್ತ ವಿಜಯಪುರದ ಕಡೆಯೂ, ಹೊಲದ ಬದುವಿನಲ್ಲಿ ಕೆತ್ತನೆಯ ಕಲ್ಲು ಬಿದ್ದಿರುತ್ತದೆ. ಬಿದ್ದದ್ದು ಅಂದರೆ ಬಿಸಾಕಿದ್ದು ಅಂತ ಅಲ್ಲ. ನೂರು ವರ್ಷ ದಾಟಿದ ಶಿಲ್ಪ, ಕೆತ್ತನೆಗೆಲ್ಲ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಅದನ್ನು ಅಲ್ಲೇ ಬಿಡಿ. ಮರದ ಬುಡದಲ್ಲಿ ತಂದಿಟ್ಟ ಒಡೆದ ದೇವರ ಫೋಟೋ, ಮುರಿದ ಮೂರ್ತಿ ಕೂಡ ಹಾಗೇ. ಯಾರೋ ಕೈಮುಗಿದು ಇಟ್ಟು ಹೋಗಿರುತ್ತಾರೆ.

ನನ್ನ ಕೊಕ್ಕರೆಯ ಬುಡಕ್ಕೆ ಬೇಕಾಗಿದ್ದು ಭಾರದ ಒಂದು ಕಲ್ಲು. ದೊಡ್ಡವ್ವನ ಮನೆಯ ಹಿತ್ತಲಲ್ಲಿ ಅರ್ಧ ಒಡೆದ ಬೀಸುಕಲ್ಲು ಇತ್ತು. ಮೇಲಿನ ಕಲ್ಲು, ಗೂಟ ಇನ್ನೂ ಅದರಲ್ಲೇ ಇತ್ತು. ಕೇಳಿದೆ.

"ಒಡದದ್ದೈತಿ, ಒಯ್ಯಿ. ಆದರ ಅದರ ಮ್ಯಾಲ ಕಾಲ ಇಡಬ್ಯಾಡ."

"ಹಕ್ಕಿ ಕಾಲು ಇಟ್ರ ನಡೀತೈತೇನ್ ದೊಡ್ಡವ್ವ?"

"ಹಕ್ಕಿಗೇನ್ ಗೊತ್ತೋ," ಅಂದಳು. ಅನುಮತಿ ಸಿಕ್ಕ ಹಾಗಾಯಿತು.

ಕೊಕ್ಕಿನ ಕಥೆ ಸ್ವಲ್ಪ ನಾಚಿಕೆಯದ್ದು. ಅವ್ವ ಮೊದಲು ಕುಪ್ಪಸ ಹೊಲಿಯುತ್ತಿದ್ದಳು. ಅವಳ ದೊಡ್ಡ ಕತ್ತರಿಯಲ್ಲಿ ನಾನು ತಂತಿ ಕತ್ತರಿಸಲು ಹೋದೆ. ಹರಿತಕ್ಕೆ ಹಲ್ಲು ಬಿತ್ತು, ನಡುವಿನ ರಿವೆಟ್ ಹಾರಿತು, ಕತ್ತರಿ ಎರಡು ಹೋಳು. ಎರಡು ದಿನ ಮಾತಿಲ್ಲ. ಆಮೇಲೆ ಒಂದು ಹೋಳನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದಾಗ ಕಂಡಿತು: ಉದ್ದನೆಯ ಅಲಗು ಕೊಕ್ಕು, ರಿವೆಟ್ಟಿನ ತೂತು ಕಣ್ಣು. ನಾನು ಮಾಡಿದ್ದು ಏನೂ ಇಲ್ಲ, ಅಲ್ಲಿ ಅದಾಗಲೇ ಇತ್ತು. ಅದು ಮೀರತ್ ಕತ್ತರಿ. ಮೀರತ್ತಿನಲ್ಲಿ ಕತ್ತರಿ ಮಾಡುವುದೇ ಹಳೇ ಗಾಡಿ, ರೈಲಿನ ಗುಜರಿ ಉಕ್ಕಿನಿಂದ. ಅಂದರೆ ಈ ಉಕ್ಕಿಗೆ ಇದು ಕಡಿಮೆ ಅಂದರೂ ಮೂರನೇ ಜನ್ಮ.

ತಂದದ್ದನ್ನೆಲ್ಲ ಮೊದಲು ತೊಳೆಯಿರಿ. ಸೋಪಿನ ನೀರು, ತಂತಿ ಬ್ರಷ್. ತುಕ್ಕು ಜಾಸ್ತಿ ಇದ್ದರೆ ಒಂದು ಲೀಟರ್ ನೀರಿಗೆ ಎರಡು ಮೂರು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ರಾತ್ರಿ ಮುಳುಗಿಸಿಡಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ. ಬೆಳಿಗ್ಗೆ ಉಜ್ಜಿ, ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಅದ್ದಿ ತೆಗೆದು, ತಕ್ಷಣ ಬಿಸಿಲಿಗಿಡಿ. ಹಸಿ ಇಟ್ಟರೆ ಗಂಟೆಯಲ್ಲಿ ಮತ್ತೆ ಕೆಂಪಗಾಗುತ್ತದೆ. ಪೂರ್ತಿ ತುಕ್ಕು ತೆಗೆಯಲೇಬೇಕು ಅಂತಿಲ್ಲ. ಪದರ ಪದರವಾಗಿ ಉದುರುವುದು ಹೋಗಲಿ, ಕಂದು ಬಣ್ಣ ಇರಲಿ. ಮರದ ಸಾಮಾನನ್ನು ನೀರಲ್ಲಿ ನೆನೆಸಬೇಡಿ. ಲಾಳಿ ವರ್ಷಗಟ್ಟಲೆ ಮಗ್ಗದಲ್ಲಿ ಓಡಿ ಎಣ್ಣೆ ಕುಡಿದಿರುತ್ತದೆ, ಬಟ್ಟೆಗೆ ಥಿನ್ನರ್ ಹಾಕಿ ಎರಡು ಮೂರು ಸಲ ಒರೆಸಬೇಕು, ಇಲ್ಲದಿದ್ದರೆ ಯಾವ ಅಂಟೂ ಹಿಡಿಯಲ್ಲ.

ಈಗ ಜೋಡಿಸಬೇಡಿ. ನೆಲದ ಮೇಲೆ ಹಳೇ ಚಾದರ ಹಾಸಿ ಎಲ್ಲವನ್ನೂ ಹರವಿ. ಇದರ ಪಕ್ಕ ಅದು, ಅದರ ಮೇಲೆ ಇದು, ಹೀಗೆ ಇಟ್ಟು ನೋಡಿ. ಮೊಬೈಲಿನಲ್ಲಿ ಫೋಟೋ ತೆಗೆದು ಮಲಗಿ, ಮರುದಿನ ನೋಡಿ. ರಾತ್ರಿ ಅದ್ಭುತ ಅನಿಸಿದ್ದು ಬೆಳಿಗ್ಗೆ ಬರೀ ಕಬ್ಬಿಣ ಆಗಿರುತ್ತದೆ ಎಷ್ಟೋ ಸಲ. ಇನ್ನೊಂದು ಉಪಾಯ ಇದೆ, ನನಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು: ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹಿಡಿದು ಗೋಡೆಯ ಮೇಲೆ ನೆರಳು ಬೀಳಿಸಿ. ತೊಗಲುಗೊಂಬೆ ಆಟದ ಹಾಗೆ. ನೆರಳಲ್ಲಿ ತುಕ್ಕು, ಬಣ್ಣ, ಬರಹ ಯಾವುದೂ ಕಾಣಲ್ಲ, ಆಕಾರ ಮಾತ್ರ. ಲಾಳಿಯಿಂದ ನಾನು ಮೊದಲು ಮೀನು ಮಾಡಬೇಕು ಅಂತಿದ್ದೆ. ಕತ್ತರಿಯ ಹೋಳನ್ನು ಸ್ವಲ್ಪ ಮೇಲೆ ಹಿಡಿದು ನೆರಳು ನೋಡಿದ ಮೇಲೆ ಮೀನಿನ ಮಾತೇ ಇಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಅಂಚಿನಲ್ಲಿ ದಿನಾ ನೋಡುವ ಹಕ್ಕಿಯೇ ಗೋಡೆ ಮೇಲೆ ನಿಂತಿತ್ತು. ಐಡಿಯಾ ಮೊದಲು ಇಟ್ಟುಕೊಂಡು ಸಾಮಾನು ಹುಡುಕಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಕುತ್ತಿಗೆಗೆ ಹಳೇ ಸೈಕಲ್ಲಿನ ಬ್ರೇಕ್ ರಾಡ್ ಸಿಕ್ಕಿತು. ಈಗಿನ ಸೈಕಲ್ಲಿಗೆ ಕೇಬಲ್ ಇರುತ್ತದೆ. ಅಪ್ಪನ ಕಾಲದ ದೊಡ್ಡ ಸೈಕಲ್ಲಿಗೆ ಪೆನ್ಸಿಲ್ ದಪ್ಪದ ಕಬ್ಬಿಣದ ಸಲಾಕೆ, ಹ್ಯಾಂಡಲ್ ಕೆಳಗೆ ಬಳುಕಿಕೊಂಡು ಬಂದಿರುತ್ತದೆ. ಆ ಬಳುಕು ಕೊಕ್ಕರೆ ಕುತ್ತಿಗೆಗೆ ಹೇಳಿ ಮಾಡಿಸಿದ ಹಾಗಿದೆ. ಕಾಲಿಗೂ ಅದೇ ಸೈಕಲ್ಲಿನ ನೆಟ್ಟನೆಯ ಸಲಾಕೆ. ಒಂದೇ ಕಾಲು. ಕೊಕ್ಕರೆ ಒಂಟಿಕಾಲಲ್ಲಿ ನಿಲ್ಲುವುದು ನನ್ನ ಪುಣ್ಯ, ಬೀಸುಕಲ್ಲಿಗೆ ಇದ್ದ ಗೂಟವೂ ಒಂದೇ.

ಜೋಡಿಸುವುದೇ ಈ ಕೆಲಸದ ಮುಕ್ಕಾಲು ಭಾಗ. ಹೊಸಬರು ಸೋಲುವುದು ಇಲ್ಲೇ, ಎಲ್ಲಕ್ಕೂ ಅಂಟು ಅಂತ ಹೊರಡುತ್ತಾರೆ. ನನ್ನ ಕ್ರಮ ಹೀಗೆ. ಒಂದನ್ನು ಇನ್ನೊಂದರೊಳಗೆ ತೂರಿಸೋಕೆ ಆದರೆ ತೂರಿಸಿ. ಆಗದಿದ್ದರೆ ಬೋಲ್ಟ್. ಅದೂ ಆಗದಿದ್ದರೆ ಬೈಂಡಿಂಗ್ ತಂತಿ, ಸೆಂಟ್ರಿಂಗ್ ಕೆಲಸದವರು ಕಬ್ಬಿಣ ಕಟ್ಟೋಕೆ ಬಳಸುವುದು. ಅಂಟು ಕೊನೆಗೆ, ಇವಕ್ಕೆ ಸಹಾಯ ಮಾಡೋಕೆ ಮಾತ್ರ. ಮರಕ್ಕೆ ಮರ ಹಚ್ಚೋಕೆ ಫೆವಿಕಾಲ್ ಸರಿ, ಕಬ್ಬಿಣಕ್ಕೆ ಅದು ಹಿಡಿಯಲ್ಲ. ಕಬ್ಬಿಣಕ್ಕೆ ಅರಾಲ್ಡೈಟ್ ಅನ್ನುವ ಎಪಾಕ್ಸಿ ಅಂಟು, ಬೇಗ ಒಣಗುವುದಲ್ಲ, ಒಂದು ದಿನ ತಗೊಳ್ಳುವುದು. ಸಂದು ತುಂಬೋಕೆ ಎಮ್-ಸೀಲ್, ಎರಡು ತುಂಡಾಗಿ ಬರುವ ಮೆತ್ತುವ ಅಂಟು. ಎರಡೂ ತುಂಡು ಸಮ ಸಮ ತಗೊಂಡು ಬಣ್ಣ ಒಂದಾಗುವವರೆಗೆ ಚಪಾತಿ ಹಿಟ್ಟಿನ ಹಾಗೆ ನಾದಿ. ಗೆರೆ ಉಳಿದಿದ್ದರೆ ಅಲ್ಲೇ ಬಿರಿಯುತ್ತದೆ. ಕಬ್ಬಿಣದ ಮೇಲ್ಮೈಯನ್ನು ಮೊದಲು ಪಾಲಿಶ್ ಪೇಪರಿನಿಂದ ಗೀರಿ ಒರಟು ಮಾಡಿರಬೇಕು. ಕಾಯಿಸಿ ಕರಗಿಸಿ ಹಚ್ಚುವ ಹಾಟ್ ಗ್ಲೂ ಮಾತ್ರ ಬೇಡವೇ ಬೇಡ. ಒಂದು ಮೇ ತಿಂಗಳಲ್ಲಿ ತಾರಸಿ ಮೇಲಿಟ್ಟ ನನ್ನ ಹುಂಜದ ತಲೆ ಮಧ್ಯಾಹ್ನ ಎರಡು ಗಂಟೆಗೆ ಮೆಲ್ಲಗೆ ಜಾರಿ ಎದೆಗೆ ಬಂದಿತ್ತು. ನಮ್ಮ ಬಿಸಿಲಲ್ಲಿ ಕಬ್ಬಿಣ ಮುಟ್ಟೋಕಾಗಲ್ಲ, ಆ ಅಂಟು ಏನು ತಡೆಯುತ್ತದೆ.

ಕೊಕ್ಕರೆಗೆ ಬರೋಣ. ಲಾಳಿ ಎರಡು ಗೇಣಿಗೆ ಸ್ವಲ್ಪ ಕಡಿಮೆ, ದೋಣಿಯ ಹಾಗೆ, ಎರಡೂ ತುದಿಗೆ ಲೋಹದ ಮೊನೆ, ನಡುವೆ ಕಂಡಿಕೆ ಕೂರುವ ಪೊಟರೆ. ಪೊಟರೆ ಮೇಲೆ ಬರಬೇಕಾ, ಪಕ್ಕಕ್ಕೆ ಬರಬೇಕಾ ಅಂತ ಬಹಳ ಯೋಚಿಸಿ ಪಕ್ಕಕ್ಕೆ ಮಾಡಿದೆ, ರೆಕ್ಕೆ ಮಡಿಸಿದ ಜಾಗದ ಹಾಗೆ ಕಂಡಿತು. ಕುತ್ತಿಗೆಗೆ ಮುಂದಿನ ಮೊನೆಯಿಂದ ಮೂರು ಬೆರಳು ಹಿಂದೆ ತೂತು. ಲಾಳಿಯ ಮರ ಬಹಳ ಗಟ್ಟಿ. ಮೊದಲು 3 ಎಂಎಂ ಬಿಟ್ಟಿನಿಂದ ದಾರಿ ಮಾಡಿ, ಆಮೇಲೆ ಸಲಾಕೆಯ ದಪ್ಪದ ಬಿಟ್ಟು ಹಾಕಿ, ನಿಧಾನ. ಅವಸರ ಮಾಡಿದರೆ ಸೀಳುತ್ತದೆ. ಇದು ಅನುಭವದ ಮಾತು, ಹಿಂದೊಮ್ಮೆ ಹೀಗೆ ಬಿರಿದ ಬೇರೆ ಲಾಳಿ ಈಗ ಪೆನ್ ಸ್ಟ್ಯಾಂಡ್ ಆಗಿದೆ.

ಕತ್ತರಿಯ ಹೋಳನ್ನು ಕುತ್ತಿಗೆಗೆ ಕಟ್ಟುವ ಮೊದಲು ಅಲಗನ್ನು ಮೊಂಡು ಮಾಡಿಸಬೇಕು. ಮನೆಯಲ್ಲಿ ಮಕ್ಕಳಿದ್ದರೆ ಇದು ಕಡ್ಡಾಯ. ಸಾಣೆ ಹಿಡಿಯುವವನ ಹತ್ತಿರ ಒಯ್ದು "ಹರಿತ ಮಾಡಬ್ಯಾಡೋ ಮಾರಾಯ, ಹರಿತ ತಗಿ" ಅಂದಾಗ ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಮುಂದೆ ಹಿಡಿಕೆಯ ಕಾಂಡವನ್ನು ಸಲಾಕೆಯ ಪಕ್ಕ ಇಟ್ಟು ಬೈಂಡಿಂಗ್ ತಂತಿಯನ್ನು ಒತ್ತೊತ್ತಾಗಿ ಸುತ್ತಿದೆ, ಚಾಟಿಯ ಹಿಡಿಗೆ ದಾರ ಸುತ್ತಿದ ಹಾಗೆ. ತಂತಿಯ ತುದಿ ಪಕ್ಕಡದಿಂದ ತಿರುವಿ ಒಳಗೆ ಮಡಚಿ. ಒಳಗೆ ಅರಾಲ್ಡೈಟ್, ಹೊರಗೆ ತಂತಿ ಕಾಣಲಿ. ಎಮ್-ಸೀಲ್ ಮೆತ್ತಿ ಮುಚ್ಚುವ ಆಸೆ ಬಂತು, ಮುಚ್ಚಲಿಲ್ಲ. ಬೆರಳು ಹಾಕುವ ಬಳೆ ಕುತ್ತಿಗೆಯ ಹಿಂದೆ ಉಳಿಯಿತು. ಅದನ್ನು ಕೊಯ್ದು ಹಾಕೋಣ ಅಂತ ಗರಗಸ ಎತ್ತಿದ್ದೆ. ಅವ್ವ ನೋಡಿ, "ಇರಲಿ ಬಿಡೋ, ಅಲ್ಲೆ ನನ್ನ ಬೆರಳು ಸವದಾವು," ಅಂದಳು. ಇರಲಿ ಅಂತ ಬಿಟ್ಟೆ.

ಕಾಲು ಎಲ್ಲಿಗೆ ಬರಬೇಕು? ಕಣ್ಣಂದಾಜು ಬೇಡ. ಮೈ, ಕುತ್ತಿಗೆ, ತಲೆ ಪೂರ್ತಿ ಜೋಡಿಸಿ ಒಂದು ದಿನ ಒಣಗಿದ ಮೇಲೆ ಲಾಳಿಗೆ ದಾರ ಕಟ್ಟಿ ಎತ್ತಿ. ಮುಂದೆ ವಾಲಿದರೆ ದಾರ ಮುಂದೆ ಸರಿಸಿ, ಹಿಂದೆ ವಾಲಿದರೆ ಹಿಂದೆ. ನೆಟ್ಟಗೆ ನಿಂತ ಜಾಗಕ್ಕೆ ಪೆನ್ಸಿಲ್ ಗುರುತು, ಅದರ ಕೆಳಗೆ ಕಾಲು. ಕತ್ತರಿ ಭಾರ ಇದ್ದದ್ದರಿಂದ ನನ್ನ ಗುರುತು ಎದೆಯ ಹತ್ತಿರ ಬಂತು, ಹಕ್ಕಿ ಎಡವಿ ಬೀಳುವ ಹಾಗೆ ಕಾಣುತ್ತಿತ್ತು. ಅದಕ್ಕೆ ಪೊಟರೆಯ ಹಿಂಭಾಗಕ್ಕೆ ಆರೇಳು ನಟ್ಟು ತುಂಬಿ ಎಮ್-ಸೀಲ್ ಒತ್ತಿದೆ, ಗುರುತು ನಡುವಿಗೆ ಸರಿಯಿತು. ನಟ್ಟಿನ ಮುಂದೆ ಕೆಂಪು ನೂಲು ಸುತ್ತಿದ ಒಂದು ಕಂಡಿಕೆ ಇಟ್ಟೆ. ಲಾಳಿಯಲ್ಲಿ ಕಂಡಿಕೆ ಇರಬೇಕಾದ ಜಾಗದಲ್ಲೇ ಇದೆ, ಬೇಕಾದರೆ ನಾಳೆ ನೇಯಬಹುದು.

ಕಲ್ಲಿಗೆ ತೂತು ಕೊರೆಯುವ ಕಷ್ಟ ಬರಲಿಲ್ಲ. ಬೀಸುಕಲ್ಲಿನ ಗೂಟ ಮರದ್ದು, ಅದರ ನೆತ್ತಿಗೇ ಎರಡು ಇಂಚು ಆಳ ಕೊರೆದು ಸಲಾಕೆ ಇಳಿಸಿದೆ. ಗೂಟ ಅಲ್ಲಾಡುತ್ತಿದ್ದರೆ ಮೊದಲು ಬೆಣೆ ಹೊಡೆದು ಬಿಗಿ ಮಾಡಿ. ನಿಮಗೆ ಬೀಸುಕಲ್ಲು ಸಿಗದಿದ್ದರೆ ಗ್ರಾನೈಟ್ ತುಂಡು ಆಗುತ್ತದೆ, ಆದರೆ ಅದನ್ನು ಫರಸಿ ಕೆಲಸದವರ ಕೈಲಿ ಡೈಮಂಡ್ ಬಿಟ್ಟಿನಿಂದ ನೀರು ಬಿಟ್ಟುಕೊಂಡು ಕೊರೆಸಿ. ಮನೆಯ ಡ್ರಿಲ್ಲಿನಲ್ಲಿ ಕೊರೆದರೆ ಬಿಟ್ಟು ಸುಡುತ್ತದೆ, ಅಷ್ಟೇ.

ವೆಲ್ಡಿಂಗ್ ಬೇಕೇ ಬೇಕು ಅನ್ನುವವರಿಗೆ ನಾಲ್ಕು ಮಾತು. ವೆಲ್ಡಿಂಗ್ ಶಾಪಿನಲ್ಲಿ ಮೊದಲು ಬರೀ ಟ್ಯಾಕ್, ಅಂದರೆ ಒಂದೊಂದು ಚುಕ್ಕೆ ಬೆಸುಗೆ, ಹಾಕಿಸಿ, ದೂರ ನಿಂತು ನೋಡಿ, ಆಮೇಲೆ ಪೂರ್ತಿ. ಬೆಳಗಾವಿಯ ಫೌಂಡ್ರಿಯಿಂದ ತಂದ ಬೀಡು ಕಬ್ಬಿಣ (ಅಚ್ಚಿಗೆ ಹೊಯ್ದದ್ದು) ಮಾಮೂಲಿ ವೆಲ್ಡಿಂಗ್ ರಾಡಿಗೆ ಸರಿಯಾಗಿ ಹಿಡಿಯಲ್ಲ, ತಣ್ಣಗಾಗುವಾಗ ಟಪ್ ಅಂತ ಬಿರಿಯುತ್ತದೆ. ಬೀಡು ಹೌದೋ ಅಲ್ಲವೋ ನೋಡೋಕೆ ಒಂದು ತೂತು ಕೊರೆಯಿರಿ: ಸುರುಳಿ ಬಂದರೆ ಉಕ್ಕು, ಪುಡಿ ಬಂದರೆ ಬೀಡು. ಸತು ಲೇಪಿಸಿದ ಜಿಐ ಪೈಪನ್ನು ವೆಲ್ಡ್ ಮಾಡುವಾಗ ಬರುವ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ. ಕ್ರೋಮ್ ಹಾಕಿದ ಹೊಳೆಯುವ ಸಾಮಾನಿನ ಹೊಗೆ ಅದಕ್ಕಿಂತ ಕೆಟ್ಟದ್ದು. ಪೆಟ್ರೋಲ್ ಟ್ಯಾಂಕು, ಮುಚ್ಚಿದ ಡ್ರಮ್ಮು, ಶಾಕ್ ಅಬ್ಸಾರ್ಬರ್ ಇವನ್ನು ಬೆಂಕಿಯ ಹತ್ತಿರ ಒಯ್ಯಲೇಬೇಡಿ, ಸಿಡಿಯುತ್ತವೆ.

ಒಡೆದ ಬಳೆ, ಕಪ್ಪು-ಬಸಿ, ಟೈಲ್ಸ್ ಇದ್ದವರು ಬೇರೆ ದಾರಿ ಹಿಡಿಯಬಹುದು: ತಂತಿಯ ಅಸ್ಥಿಪಂಜರ, ಅದಕ್ಕೆ ಕೋಳಿ ಜಾಳಿಗೆ, ಮೇಲೆ ಒಂದು ಪಾಲು ಸಿಮೆಂಟು ಮೂರು ಪಾಲು ಮರಳು, ಹಸಿ ಇದ್ದಾಗಲೇ ಚೂರು ಒತ್ತಿ, ಒಂದು ವಾರ ನೀರು ಹೊಡೆಯಿರಿ. ಚಂಡೀಗಢದ ರಾಕ್ ಗಾರ್ಡನ್ನಿನ ಗೊಂಬೆಗಳಲ್ಲಿ ಎಷ್ಟೋ ಈ ಥರದವು. ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ವರ್ಷಗಟ್ಟಲೆ ಕದ್ದುಮುಚ್ಚಿ ಕಟ್ಟಿದ್ದು, ಜನರಿಗೆ ತೆರೆದದ್ದು 1976ರಲ್ಲಿ. ಹೊಸ ನಗರ ಕಟ್ಟಲು ಕೆಡವಿದ ಹಳ್ಳಿಗಳ ಸಾಮಾನನ್ನೂ ಅವರು ಹೆಕ್ಕಿ ತಂದಿದ್ದರಂತೆ. ಹಳೇ ಬಾಗಲಕೋಟೆಯ ಒಂದು ಭಾಗ ಆಲಮಟ್ಟಿ ಹಿನ್ನೀರಿಗೆ ಹೋದದ್ದನ್ನು ಕಂಡವರ ಮನೆಗಳಲ್ಲಿ ಈಗಲೂ ಒಂದು ಚಿಲಕ, ಒಂದು ಅಗಳಿ ಟ್ರಂಕಿನ ತಳದಲ್ಲಿರುತ್ತದೆ. ನಮ್ಮ ಮನೆಯಲ್ಲೂ ಇದೆ. ಅದರಿಂದ ಏನು ಮಾಡಬೇಕು ಅಂತ ನನಗಿನ್ನೂ ಕಂಡಿಲ್ಲ, ಕಾಣುವವರೆಗೆ ಮುಟ್ಟಲ್ಲ.

ಕೊನೆಗೆ ಎಣ್ಣೆ. ಬಣ್ಣ ಹೊಡೆದರೆ ಸಾಮಾನಿನ ಗುರುತೇ ಹೋಗುತ್ತದೆ, ಹಾಗಂತ ಬರಿಮೈ ಬಿಟ್ಟರೆ ಮಳೆಗಾಲ ತಿನ್ನುತ್ತದೆ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಒಣಗಲ್ಲ, ಧೂಳು ಹಿಡಿದು ಜಿಡ್ಡಾಗುತ್ತದೆ. ಅಗಸಿ ಎಣ್ಣೆ ಒಣಗಿ ಪದರ ಕಟ್ಟುತ್ತದೆ. ಕುಸುಬಿ ಎಣ್ಣೆಯೂ ಒಣಗುತ್ತದೆ, ಸ್ವಲ್ಪ ತಡ, ಚಿತ್ರ ಬರೆಯುವವರು ಬಣ್ಣಕ್ಕೆ ಎರಡನ್ನೂ ಬಳಸುತ್ತಾರೆ. ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ, ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಳ್ಳಬಹುದು. ಹರವಿ ಹೊರಗೆ ಒಣಹಾಕಿ, ಇಲ್ಲವೇ ನೀರಲ್ಲಿ ಅದ್ದಿಡಿ.

ಕೊಕ್ಕರೆ ಈಗ ಬಾಗಿಲ ಪಕ್ಕ ನಿಂತಿದೆ. ಬಂದವರು ಮೊದಲು "ಹಕ್ಕಿ ಚಲೋ ಐತಿ" ಅನ್ನುತ್ತಾರೆ, ಚಹಾ ಕುಡಿಯುವಾಗ "ಅರೆ, ಕತ್ತರಿ!" ಅನ್ನುತ್ತಾರೆ, ನೇಕಾರರ ಮನೆಯವರಾದರೆ ಮೊದಲೇ ಲಾಳಿ ಮುಟ್ಟಿ ನೋಡುತ್ತಾರೆ. ಚಾಚಾ ಕೊಟ್ಟ ಎರಡನೇ ಲಾಳಿ ತೊಳೆದು ಇಟ್ಟಿದ್ದೇನೆ. ಕತ್ತರಿಯ ಇನ್ನೊಂದು ಹೋಳೂ ಇದೆ, ಬೀಸುಕಲ್ಲಿನ ಇನ್ನರ್ಧ ದೊಡ್ಡವ್ವನ ಹಿತ್ತಲಲ್ಲೇ ಬಿದ್ದಿದೆ. ಕುತ್ತಿಗೆ ಒಂದು ಬಾಕಿ. ಬ್ರೇಕ್ ರಾಡ್ ಇರುವ ಹಳೇ ಸೈಕಲ್ ನಿಮ್ಮ ಓಣಿಯಲ್ಲಿ ಎಲ್ಲಾದರೂ ಗೋಡೆಗೆ ಒರಗಿ ನಿಂತಿದ್ದರೆ ಹೇಳಿ, ಅದರ ಯಜಮಾನರನ್ನು ಕೇಳಿಯೇ ತಗೊಳ್ಳುತ್ತೇನೆ.